ನಾಲಗೆಯ ತಕರಾರು, ಬೀದಿಯ ತಕರಾರು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಯಾವುದಾದರೊಂದು ಮನೆಯ ಮುಂಭಾಗದ ಕಾರ್‌ಶೆಡ್ಡು ತೆರವಾಗಿ, ಅದಕ್ಕೆ ರೋಲಿಂಗ್ ಷಟರು ಕೂಡಿ, ಒಂದು ಶುಭದಿನ ಮಾವಿನ ತೋರಣ ಕಟ್ಟಿ ಬೂದುಗುಂಬಳ ಒಡೆದು ತಿಂಡಿಯ ಅಂಗಡಿಯೊಂದು ಬಾಗಿಲು ತೆರೆಯಿತೆಂದರೆ, ಆ ಬೀದಿಯ ಮಟ್ಟಿಗೆ ಅದು ಅಲ್ಪ ಸಂಗತಿಯಲ್ಲ. ಔಷಧದ ಅಂಗಡಿ ಬಂದರೂ ಹೊಲಿಗೆಯವನ ಅಂಗಡಿ ಬಂದರೂ ಬೀದಿಯು ಒಮ್ಮೆ ತಿರುಗಿ ನೋಡಿ ಸುಮ್ಮನಾಗುತ್ತದೆ. ತಿಂಡಿಯ ಅಂಗಡಿಯ ವಿಷಯದಲ್ಲಾದರೋ ಮನೆಮನೆಗೂ ಒಂದೊಂದು ಅಭಿಪ್ರಾಯ ಹುಟ್ಟುತ್ತದೆ. ಅನ್ನದ ವಿಷಯವು ನಮ್ಮಲ್ಲಿ ಎಂದೂ ಕೇವಲ ಹೊಟ್ಟೆಯ ವಿಷಯವಾಗಿದ್ದುದಿಲ್ಲ. ಕುಲ, ಆಚಾರ, ಆರೋಗ್ಯ, ಮಕ್ಕಳ ಭವಿಷ್ಯ, ಬೀದಿಯ ಮರ್ಯಾದೆ ಇವೆಲ್ಲವೂ ಅದರೊಡನೆ ಹೆಣೆದುಕೊಂಡಿವೆ. ಬಸವನಗುಡಿಯ ಕಡೆಯ ನಮ್ಮ ಅಡ್ಡರಸ್ತೆಯಲ್ಲಿ ಈಚೆಗೆ ತೆರೆದಿರುವ ಸ್ಯಾಂಡ್‌ವಿಚ್ ಅಂಗಡಿಯನ್ನು ಕುರಿತು ನೆರೆಹೊರೆಯವರು ಆಡುತ್ತಿರುವ ಮಾತುಗಳನ್ನು ಕೇಳುತ್ತ ಬಂದ ನನಗೆ, ಈ ಸಣ್ಣ ಅಂಗಡಿಯ ನೆಪದಿಂದ ನಗರವಾಸಿಗಳಾದ ನಾವೆಲ್ಲರೂ ವಿಚಾರಮಾಡಬೇಕಾದ ಸಂಗತಿಯೊಂದಿದೆಯೆಂದು ತೋರಿದ್ದರಿಂದ, ಅದನ್ನು ಓದುಗರ ಮುಂದಿಡುತ್ತಿದ್ದೇನೆ.

ಅಭಿಪ್ರಾಯಗಳು ಹೇಗಿವೆಯೆಂಬುದನ್ನು ಮೊದಲು ಹೇಳಬೇಕು. ಪಿಂಚಣಿ ಪಡೆಯುತ್ತಿರುವ ಹಿರಿಯರ ಪೈಕಿ ಕೆಲವರು, ಬೆಳಗಿನ ವಾಯುಸೇವನೆ ಮುಗಿಸಿ ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತು, ಇಡ್ಲಿ ದೋಸೆಗಳಿಗೆ ಹೆಸರಾದ ಈ ಭಾಗಕ್ಕೆ ಎರಡು ತುಂಡು ಬ್ರೆಡ್ಡಿನ ನಡುವೆ ತರಕಾರಿ ಇಟ್ಟು ಕೊಡುವ ಅಂಗಡಿ ಏತಕ್ಕೆ ಬೇಕಿತ್ತೆಂದು ಕೇಳುತ್ತಾರೆ. ಸಮೀಪದ ಕಾಲೇಜಿನ ಮಕ್ಕಳೂ, ಪೇಯಿಂಗ್ ಗೆಸ್ಟ್ ವಸತಿಗಳಲ್ಲಿದ್ದು ಕಂಪೆನಿಗಳಲ್ಲಿ ದುಡಿಯುವ ತರುಣ ತರುಣಿಯರೂ ಸಂಜೆಯಾಗುವುದನ್ನೇ ಕಾದು ಅಲ್ಲಿ ನೆರೆಯುತ್ತಾರೆ. ಕಛೇರಿಯಿಂದ ದಣಿದು ಬರುವ ಗೃಹಿಣಿಯರು, ಮಕ್ಕಳು ಹಸಿವೆಂದಾಗ ಕೈಗೆಟುಕುವ ದೂರದಲ್ಲಿ ಬಿಸಿಯಾದ ಪದಾರ್ಥವೊಂದು ದೊರೆಯುವುದಲ್ಲಾ ಎಂದು ಸಮಾಧಾನಪಡುತ್ತಾರೆ. ಅದೇ ಗೃಹಿಣಿಯರ ಅತ್ತೆಯಂದಿರು, ಹೀಗಾದರೆ ಇನ್ನು ಮನೆಯಲ್ಲಿ ಒಲೆ ಹಚ್ಚುವವರು ಯಾರೆಂದು ಕಳವಳಪಡುತ್ತಾರೆ. ತಿರುವಿನಲ್ಲಿರುವ ಹಳೆಯ ಬೇಕರಿಯವರು ಬಾಯಿಬಿಟ್ಟು ಏನನ್ನೂ ಹೇಳರಾದರೂ, ಸಂಜೆಯ ಗಿರಾಕಿ ತೆಳುವಾಗಿರುವುದು ಅವರ ಮುಖದಲ್ಲೇ ಕಾಣುತ್ತದೆ. ಅಂಗಡಿಗೆ ಅಂಟಿಕೊಂಡಿರುವ ಮನೆಯವರಿಗೆ ಮಾತ್ರ ಬ್ರೆಡ್ಡಿನ ಮೇಲೂ ಬೆಣ್ಣೆಯ ಮೇಲೂ ಯಾವ ಹಗೆಯೂ ಇಲ್ಲ; ತಮ್ಮ ಗೇಟಿನ ಮುಂದೆ ಅಡ್ಡಡ್ಡಲಾಗಿ ನಿಲ್ಲುವ ದ್ವಿಚಕ್ರವಾಹನಗಳ ಮೇಲೆ, ರಾತ್ರಿ ಹತ್ತು ಗಂಟೆ ಕಳೆದರೂ ತಣಿಯದ ಗದ್ದಲದ ಮೇಲೆ, ಬೆಳಗಾಗೆದ್ದು ತಾವೇ ಗುಡಿಸಬೇಕಾದ ಕಾಗದದ ತಟ್ಟೆಗಳ ಮೇಲೆ ಅವರ ಸಿಟ್ಟು.

ಇವೆಲ್ಲವನ್ನೂ ಒಟ್ಟಿಗೆ ಕೇಳಿದವನಿಗೆ ಒಂದು ಮಾತು ಸ್ಪಷ್ಟವಾಗುತ್ತದೆ. ಇಲ್ಲಿರುವುದು ಒಂದೇ ತಕರಾರಲ್ಲ, ಎರಡು. ಒಂದು ನಾಲಗೆಯ ತಕರಾರು: ಈ ತಿಂಡಿ ನಮ್ಮದಲ್ಲ, ಈ ರೀತಿ ನಮ್ಮದಲ್ಲ ಎಂಬುದು. ಇನ್ನೊಂದು ಬೀದಿಯ ತಕರಾರು: ಎಲ್ಲರಿಗೂ ಸೇರಿದ ನೆಲವನ್ನು, ನಿಶ್ಶಬ್ದವನ್ನು, ನೈರ್ಮಲ್ಯವನ್ನು ಒಬ್ಬನ ವ್ಯಾಪಾರ ನುಂಗುತ್ತಿದೆ ಎಂಬುದು. ಮೊದಲನೆಯದಕ್ಕೆ ಆಧಾರ ಬಹಳ ದುರ್ಬಲ. ಎರಡನೆಯದಕ್ಕೆ ಆಧಾರ ಬಹಳ ಬಲವಾದುದು. ನಮ್ಮ ಬಡಾವಣೆಗಳ ದುರ್ದೈವವೆಂದರೆ, ನಾವು ಇವೆರಡನ್ನೂ ಬೆರೆಸಿ ಒಂದೇ ಉಸಿರಿನಲ್ಲಿ ಆಡುತ್ತೇವೆ. ಹಾಗೆ ಆಡಿ, ಗೆಲ್ಲಬಹುದಾಗಿದ್ದ ವ್ಯಾಜ್ಯವನ್ನೂ ಸೋಲುತ್ತೇವೆ. ಇವನ್ನು ಬೇರ್ಪಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ನಾಲಗೆಯ ತಕರಾರನ್ನು ಮೊದಲು ತೆಗೆದುಕೊಳ್ಳೋಣ. ನಮ್ಮ ಆಹಾರ ಯಾವುದು, ಪರರ ಆಹಾರ ಯಾವುದು ಎಂಬ ಗೆರೆಯನ್ನು ಎಳೆಯಹೊರಟವನು ಎಷ್ಟು ದೂರ ಹಿಂದಕ್ಕೆ ಹೋಗಬೇಕೆಂಬುದೇ ದೊಡ್ಡ ಪ್ರಶ್ನೆ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗದ ಪ್ರಕರಣದಲ್ಲಿ ಇಡ್ಲಿ ದೋಸೆಗಳ ಪೂರ್ವಜರೆನ್ನಬಹುದಾದ ಭಕ್ಷ್ಯಗಳು ವರ್ಣಿತವಾಗಿವೆ, ಆದರೆ ಆ ರಾಜಭೋಜನದಲ್ಲಿ ಮೆಣಸಿನಕಾಯಿಯಿಲ್ಲ, ಆಲೂಗಡ್ಡೆಯಿಲ್ಲ, ಟೊಮೇಟೊ ಇಲ್ಲ. ಇವು ಮೂರೂ ಅಮೆರಿಕ ಖಂಡದಿಂದ ಹೊರಟು, ಪೋರ್ಚುಗೀಸರೇ ಮೊದಲಾದ ಯೂರೋಪಿಯನ್ನರ ಹಡಗುಗಳಲ್ಲಿ ನಮ್ಮ ತೀರವನ್ನು ಮುಟ್ಟಿದುದು ಅನಂತರದ ಶತಮಾನಗಳಲ್ಲಿ. ಇಂದು ಬ್ಯಾಡಗಿಯ ಮೆಣಸಿನಕಾಯಿಯಿಲ್ಲದ ಸಾರನ್ನು, ಆಲೂಗಡ್ಡೆಯ ಪಲ್ಯವಿಲ್ಲದ ಮಸಾಲೆದೋಸೆಯನ್ನು, ಟೊಮೇಟೊ ಇಲ್ಲದ ತಿಳಿಸಾರನ್ನು ಕಲ್ಪಿಸಿಕೊಳ್ಳುವುದೂ ನಮಗೆ ಕಷ್ಟ. ಪರದೇಶದಿಂದ ಬಂದ ಈ ಪದಾರ್ಥಗಳನ್ನು ನಮ್ಮವನ್ನಾಗಿ ಮಾಡಿದುದು ಯಾವ ರಾಜಾಜ್ಞೆಯೂ ಅಲ್ಲ; ತಲೆತಲಾಂತರದ ಅಡುಗೆಯವರ ಕೈಗುಣ, ಉಂಡವರ ಮೆಚ್ಚುಗೆ.

ಬ್ರೆಡ್ಡಿನ ಕಥೆಯಾದರೋ ಬೆಂಗಳೂರಿಗೆ ಇನ್ನೂ ಹತ್ತಿರದ್ದು. ದಂಡುಪ್ರದೇಶದಲ್ಲಿ ಆಂಗ್ಲರಿಗಾಗಿ ಬೇಯುತ್ತಿದ್ದ ರೊಟ್ಟಿಯನ್ನು ಪೇಟೆಯ ಜನರ ಬಾಯಿಗೆ ಒಗ್ಗಿಸಿದ ಕೀರ್ತಿ, ಹಾಸನದ ಸೀಮೆಯಿಂದ ಬಂದ ಅಯ್ಯಂಗಾರ್ ಕುಟುಂಬಗಳಿಗೆ ಸಲ್ಲಬೇಕು. 1898ರಲ್ಲಿ ಚಿಕ್ಕಪೇಟೆಯ ಕಡೆ ತಿರುಮಲಾಚಾರ್ಯರು ಆರಂಭಿಸಿದ ಬೇಕರಿಯೇ ಇವುಗಳಲ್ಲಿ ಮೊದಲನೆಯದೆಂದು ಪ್ರತೀತಿ. ಮೊಟ್ಟೆಯನ್ನು ಬಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿಗಳನ್ನು ಹಿಟ್ಟಿನೊಡನೆ ಕಲಸಿ ಅವರು ಬೇಯಿಸಿದ ಖಾರಾ ಬನ್ನು ಇಂಗ್ಲೆಂಡಿನ ಯಾವ ಬೇಕರಿಯಲ್ಲಿಯೂ ಹುಟ್ಟಲಾರದ ಪದಾರ್ಥ. ವಿಶ್ವೇಶ್ವರಪುರದ ಸಜ್ಜನರಾವ್ ವೃತ್ತದ ಬಳಿ 1953ರಿಂದ ನಡೆದುಬಂದಿರುವ ವಿ.ಬಿ. ಬೇಕರಿಯ ಮುಂದೆ ಮೂರು ತಲೆಮಾರಿನ ಜನ ನಿಂತಿದ್ದಾರೆ. ಹೆಂಚಿನ ಮೇಲೆ ಬೆಣ್ಣೆ ಸವರಿ ಕಾಯಿಸಿದ ಬ್ರೆಡ್ಡಿನ ತುಂಡಿನ ಮೇಲೆ, ಅರಿಸಿನ ಹಾಕಿ ಬಾಡಿಸಿದ ಈರುಳ್ಳಿ ಮತ್ತು ಕ್ಯಾರೆಟ್ಟಿನ ಪಲ್ಯವನ್ನು ಹರವಿ ಕೊಡುವ ನಮ್ಮ ಬ್ರೆಡ್ ಟೋಸ್ಟನ್ನು ಬಾಲ್ಯದಿಂದ ತಿಂದು ಬೆಳೆದವರು, ಅದೇ ಬ್ರೆಡ್ಡಿನ ಮೇಲೆ ಇನ್ನೊಂದು ತುಂಡನ್ನು ಮುಚ್ಚಿದೊಡನೆ ಅದನ್ನು ಪರಕೀಯವೆನ್ನುವುದಕ್ಕೆ ಯಾವ ನ್ಯಾಯವೂ ಇಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ಮಾವಳ್ಳಿ ಟಿಫಿನ್ ರೂಮಿನವರು ರವೆಯಿಂದ ಇಡ್ಲಿ ಮಾಡಿದರು; ಅದಿಂದು ಸಂಪ್ರದಾಯದ ಸಾಲಿನಲ್ಲಿ ಕುಳಿತಿದೆ. 1980ರ ದಶಕದಲ್ಲಿ ಜಯನಗರದ ಕಡೆ ದರ್ಶಿನಿಗಳು ತಲೆಯೆತ್ತಿದಾಗ ನಿಂತು ತಿನ್ನುವುದು ಸಂಸ್ಕಾರವಲ್ಲವೆಂದವರಿದ್ದರು. ಇಂದು ಬೆಳಗಿನ ಕಾಫಿಯನ್ನು ದರ್ಶಿನಿಯ ಕಟ್ಟೆಗೆ ಒರಗಿ ನಿಂತು ಕುಡಿಯುವವರ ಪೈಕಿ ಹಿರಿಯರೇ ಹೆಚ್ಚು.

ಆರೋಗ್ಯದ ದೃಷ್ಟಿಯಿಂದ ಆಡುವ ಮಾತಿಗೆ ಇದಕ್ಕಿಂತ ತೂಕವುಂಟು. ಮೈದಾಹಿಟ್ಟಿನ ಬ್ರೆಡ್ಡು, ಅದರ ಮೇಲೆ ಬೆಣ್ಣೆ, ಅದರ ಮೇಲೆ ತುರಿದ ಚೀಸು ಇವು ನಿತ್ಯಾಹಾರವಾಗುವುದು ಮಕ್ಕಳಿಗೂ ಸಕ್ಕರೆ ಕಾಯಿಲೆಯವರಿಗೂ ಹಿತವಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ಈ ಮಾತನ್ನು ಆಡುವವರು ಅದನ್ನು ಪೂರಿಗೂ, ಮೈದಾಹಿಟ್ಟಿನ ಹೋಳಿಗೆಗೂ, ಸಕ್ಕರೆಯ ಪಾಕದಲ್ಲಿ ಅದ್ದಿದ ಜಹಾಂಗೀರಿಗೂ ಸಮವಾಗಿ ಅನ್ವಯಿಸಿದರೆ ಮಾತ್ರ ಅದು ಆರೋಗ್ಯದ ಮಾತಾಗುತ್ತದೆ. ಹೊಸ ಅಂಗಡಿಗಷ್ಟೇ ಅನ್ವಯಿಸಿದರೆ ಅಭಿರುಚಿಯ ಹಟವಾಗಿ ಉಳಿಯುತ್ತದೆ. ಮನೆಯ ಒಲೆಯ ವಿಚಾರವೂ ಹಾಗೆಯೇ. ಗಂಡಹೆಂಡಿರಿಬ್ಬರೂ ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು, ಸಿಲ್ಕ್ ಬೋರ್ಡಿನ ವಾಹನಸಮ್ಮರ್ದವನ್ನು ದಾಟಿ, ರಾತ್ರಿ ಎಂಟಕ್ಕೆ ಮರಳುವ ಸಂಸಾರದಲ್ಲಿ ಒಲೆ ಹಚ್ಚುವ ಹೊಣೆ ಹೆಂಗಸಿನದೊಂದೇ ಎಂಬ ನಂಬಿಕೆಯನ್ನು ಹಾಗೆಯೇ ಉಳಿಸಿಕೊಂಡು, ಒಲೆ ಆರಿತೆಂಬ ದೂರನ್ನು ಬೀದಿಯ ಅಂಗಡಿಯ ತಲೆಗೆ ಕಟ್ಟುವುದು ಧರ್ಮವಲ್ಲ. ಮನೆಯ ಕೆಲಸವನ್ನು ಮನೆಯವರೆಲ್ಲರೂ ಹಂಚಿಕೊಂಡಲ್ಲಿ ಅಡುಗೆಮನೆ ತಾನಾಗಿಯೇ ಬೆಳಗುತ್ತದೆ.

ನಾಲಗೆಯ ತಕರಾರಿನ ಅಡಿಯಲ್ಲಿ ಕೆಲವೊಮ್ಮೆ ಹುದುಗಿರುವ ಇನ್ನೊಂದು ಭಾವವನ್ನೂ ಬೆಳಕಿಗೆ ತರಬೇಕು. 19ನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡು, 1898ರ ಪ್ಲೇಗಿನ ತರುವಾಯ ಜನರಿಂದ ತುಂಬಿದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ಗಾಳಿ, ಬೆಳಕು, ಅಗಲವಾದ ಬೀದಿಗಳ ದೃಷ್ಟಿಯಿಂದ ಯೋಜಿಸಿದವರೇ ನಿವೇಶನಗಳನ್ನು ಜಾತಿಗೊಂದು ಭಾಗವೆಂಬಂತೆ ವಿಂಗಡಿಸಿದ್ದರು. ಅಂದಿನ ಹೋಟಲುಗಳಲ್ಲಿ ಬ್ರಾಹ್ಮಣರಿಗೆ ಬೇರೆಯ ಕೊಠಡಿಗಳಿರುತ್ತಿದ್ದುದನ್ನು ನಮ್ಮ ಹಿಂದಿನ ತಲೆಮಾರಿನವರು ಕಣ್ಣಾರೆ ಕಂಡಿದ್ದರು. ಅಂಗಡಿ, ಉಪಾಹಾರಗೃಹಗಳ ಪ್ರವೇಶದಲ್ಲಿ ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ನಮ್ಮ ಸಂವಿಧಾನದ 15ನೆಯ ವಿಧಿ ವಿಧಿಸಿ, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಆ ತಡೆಯನ್ನು ಶಿಕ್ಷಾರ್ಹವನ್ನಾಗಿ ಮಾಡಿದ ಮೇಲೆ ಗೋಡೆಗಳು ಬಿದ್ದವು. ಮನಸ್ಸಿನ ಗೋಡೆಗಳು ಅಷ್ಟು ಬೇಗ ಬೀಳಲಿಲ್ಲ. ‘ಎಂಥೆಂಥವರೋ ಬರುತ್ತಾರೆ’ ಎಂಬ ಮಾತು ಹೊಸ ಅಂಗಡಿಯ ಪ್ರಸಂಗದಲ್ಲಿ ಇಂದಿಗೂ ಕಿವಿಗೆ ಬೀಳುತ್ತದೆ. ಬರುವವರಾದರೂ ಯಾರು? ನಮ್ಮ ಮನೆಯ ಮಹಡಿಯನ್ನು ಕಟ್ಟಿದವನ ಮಗ, ನಮ್ಮ ಮೊಮ್ಮಗಳ ಸಹಪಾಠಿ, ನಮಗೇ ಊಟ ತಂದುಕೊಡುವ ಡೆಲಿವರಿಯ ಹುಡುಗ. ಸಂಜೆಯ ಹೊತ್ತು ಹೆಣ್ಣುಮಕ್ಕಳು ನಾಲ್ವರು ಯಾರ ಅಂಕೆಯೂ ಇಲ್ಲದೆ ಬೆಳಕಿರುವ ಅಂಗಡಿಯ ಮುಂದೆ ನಿಂತು ನಗುತ್ತ ಮಾತನಾಡುವುದು ಬೀದಿಗೆ ಅಪಕೀರ್ತಿಯೆಂದು ತಿಳಿಯುವವರು, ಅದೇ ಬೀದಿ ಕತ್ತಲಾಗಿ ನಿರ್ಜನವಾಗಿದ್ದ ದಿನಗಳಲ್ಲಿ ಅದೇ ಹೆಣ್ಣುಮಕ್ಕಳು ಎಷ್ಟು ಭಯದಿಂದ ಹೆಜ್ಜೆ ಹಾಕುತ್ತಿದ್ದರೆಂಬುದನ್ನು ಅವರನ್ನೇ ಕೇಳಿ ತಿಳಿಯಬೇಕು. ತೆರೆದಿರುವ ಅಂಗಡಿ ಬೀದಿಗೊಂದು ಕಣ್ಣು.

ಇನ್ನು ಆ ಅಂಗಡಿಯಲ್ಲಿ ನಡೆಯುವ ಕೆಲಸವನ್ನು ಹತ್ತಿರ ನಿಂತು ನೋಡೋಣ. ಕಟ್ಟೆಯ ಹಿಂದೆ ನಿಂತ ಹುಡುಗನಿಗೆ ಇಪ್ಪತ್ತರ ಆಸುಪಾಸು. ಬ್ರೆಡ್ಡಿನ ಎರಡು ತುಂಡುಗಳನ್ನು ಹಲಗೆಯ ಮೇಲೆ ಪುಸ್ತಕ ಬಿಚ್ಚಿದಂತೆ ಹರಡಿ, ಎರಡಕ್ಕೂ ಅಂಚಿನವರೆಗೆ ಬೆಣ್ಣೆ ಸವರುತ್ತಾನೆ. ಬೆಣ್ಣೆ ಅಂಚನ್ನು ಮುಟ್ಟದಿದ್ದರೆ ಚಟ್ನಿಯ ನೀರು ಬ್ರೆಡ್ಡಿಗಿಳಿದು ಅದು ಮೆತ್ತಗಾಗುತ್ತದೆಂಬುದು ಅವನ ಅನುಭವ. ಅದರ ಮೇಲೆ ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿಗಳನ್ನು ನುಣ್ಣಗೆ ರುಬ್ಬಿದ ಹಸಿರು ಚಟ್ನಿ. ಅದರ ಮೇಲೆ ಬೇಯಿಸಿ ತಣಿಸಿದ ಆಲೂಗಡ್ಡೆಯ ಬಿಲ್ಲೆಗಳು, ಸೌತೆಕಾಯಿ, ಟೊಮೇಟೊ, ಈರುಳ್ಳಿ. ಮುಂಬಯಿಯ ಬೀದಿಯ ಪದ್ಧತಿಯಂತೆ ಬೇಯಿಸಿದ ಬೀಟ್‌ರೂಟಿನ ಒಂದೆರಡು ತುಂಡು. ಎಲ್ಲದರ ಮೇಲೆ ಚಿಟಿಕೆ ಚಾಟ್ ಮಸಾಲೆ. ಮುಚ್ಚಿ, ಗ್ರಿಲ್ಲಿಗೆ ಒತ್ತಿ, ಕಂದು ಗೀರುಗಳು ಮೂಡಿದೊಡನೆ ತೆಗೆದು ಕತ್ತರಿಸಿ ಕೊಡುತ್ತಾನೆ. ಈ ಕೆಲಸದಲ್ಲಿ ಶ್ರದ್ಧೆಯಿದೆ, ಹದವಿದೆ. ದೋಸೆಯ ಹೆಂಚಿನ ಮುಂದೆ ನಿಂತವನಿಗೆ ನಾವು ಕೊಡುವ ಗೌರವದಲ್ಲಿ ಸ್ವಲ್ಪವಾದರೂ ಇವನಿಗೆ ಸಲ್ಲಬೇಕು.

ಶ್ರದ್ಧೆಯನ್ನು ಮೆಚ್ಚುವುದರ ಜೊತೆಗೆ ಶುಚಿಯನ್ನು ಕೇಳುವುದೂ ಗಿರಾಕಿಯ ಧರ್ಮ. ಪರೀಕ್ಷಿಸುವುದಾದರೆ ಇಲ್ಲಿಯೇ ಪರೀಕ್ಷಿಸಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ ಹದಿನಾಲ್ಕು ಅಂಕಿಯ ಸಂಖ್ಯೆಯುಳ್ಳ ಪರವಾನಗಿಯೋ ನೋಂದಣಿಪತ್ರವೋ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತಿದೆಯೇ? ಹಸಿರು ಚಟ್ನಿ ಆ ದಿನದ್ದೇ? ಹೆಚ್ಚಿದ ತರಕಾರಿಗೆ ಮುಚ್ಚಳವುಂಟೇ? ಬ್ರೆಡ್ಡು ತಯಾರಾದ ತಾರೀಖು ಯಾವುದು? ಬ್ರೆಡ್ಡಿನಲ್ಲಿ ಪೊಟ್ಯಾಸಿಯಂ ಬ್ರೋಮೇಟಿನ ಉಪಯೋಗವನ್ನು 2016ರಲ್ಲಿ ನಮ್ಮ ದೇಶದಲ್ಲಿ ನಿಷೇಧಿಸಲಾಯಿತು. ಹಸಿ ಮೊಟ್ಟೆಯಿಂದ ತಯಾರಿಸಿದ ಮಯೊನೇಸನ್ನು 2024ರಲ್ಲಿ ತೆಲಂಗಾಣವೂ 2025ರಲ್ಲಿ ತಮಿಳುನಾಡೂ ಒಂದೊಂದು ವರ್ಷದ ಮಟ್ಟಿಗೆ ನಿಷೇಧಿಸಿದವು. ಅದು ಬೇಗ ಕೆಟ್ಟು ರೋಗಾಣುಗಳಿಗೆ ಆಶ್ರಯವಾಗತಕ್ಕ ವಸ್ತು. ನಮ್ಮ ರಾಜ್ಯವೇ 2024ರ ಮಾರ್ಚಿಯಲ್ಲಿ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಹಾಕುತ್ತಿದ್ದ ಅಪಾಯಕಾರಿ ಕೃತಕ ಬಣ್ಣಗಳನ್ನು ತಡೆಯಿತು. ಕಟ್ಟೆಯ ಕೆಳಗೆ ಉರಿಯುತ್ತಿರುವುದು ವ್ಯಾಪಾರಕ್ಕೆ ವಿಹಿತವಾದ 19 ಕಿಲೋಗ್ರಾಮಿನ ಸಿಲಿಂಡರೋ, ಮನೆಬಳಕೆಗೆಂದು ಕೊಡುವ 14.2 ಕಿಲೋಗ್ರಾಮಿನದೋ ಎಂಬುದೂ ಕೇಳತಕ್ಕ ಪ್ರಶ್ನೆಯೇ, ಏಕೆಂದರೆ ಆ ಅಂಗಡಿಯ ಮೇಲುಮಹಡಿಯಲ್ಲಿ ಒಂದು ಸಂಸಾರ ಮಲಗುತ್ತದೆ. ಇಂತಹ ಪ್ರಶ್ನೆಗಳನ್ನು ಹಳೆಯ ಅಂಗಡಿಗೂ ಹೊಸ ಅಂಗಡಿಗೂ ಒಂದೇ ಧ್ವನಿಯಲ್ಲಿ ಕೇಳುವ ಬಡಾವಣೆ ಜಾಗೃತವಾದ ಬಡಾವಣೆ.

ಈಗ ಬೀದಿಯ ತಕರಾರಿಗೆ ಬರೋಣ. ನಮ್ಮ ರಸ್ತೆಯ ಅಂಚಿನಲ್ಲಿ ಚಪ್ಪಡಿಕಲ್ಲು ಹಾಸಿದ ಪಾದಚಾರಿ ಮಾರ್ಗವೊಂದುಂಟು. ಸಂಜೆ ಆರರ ಹೊತ್ತಿಗೆ ಅದರ ಅರ್ಧವನ್ನು ಅಂಗಡಿಯ ಪ್ಲಾಸ್ಟಿಕ್ ಸ್ಟೂಲುಗಳೂ, ಇನ್ನರ್ಧವನ್ನು ಗಿರಾಕಿಗಳ ಸ್ಕೂಟರುಗಳೂ ಆಕ್ರಮಿಸುತ್ತವೆ. ಆ ಹೊತ್ತಿಗೆ ಸರಿಯಾಗಿ, ಎಂಬತ್ತರ ಮೇಲಿನ ಅಜ್ಜಿಯೊಬ್ಬರು ಊರುಗೋಲು ಹಿಡಿದು ದೇವಸ್ಥಾನಕ್ಕೆ ಹೊರಡುತ್ತಾರೆ. ಸ್ಟೂಲಿನವರೆಗೆ ಬಂದು ನಿಲ್ಲುತ್ತಾರೆ. ಕೋಲನ್ನು ಎಡಗೈಗೆ ಬದಲಾಯಿಸಿ ಕಾಂಪೌಂಡಿನ ಗೋಡೆಯನ್ನು ಬಲಗೈಯಿಂದ ಹಿಡಿಯಲು ನೋಡುತ್ತಾರೆ. ಅಲ್ಲಿ ಸ್ಕೂಟರಿನ ಕನ್ನಡಿ ಅಡ್ಡವಿರುವುದರಿಂದ, ಹಿಂದಿರುಗಿ, ಎತ್ತರದ ಅಂಚುಗಲ್ಲಿನಿಂದ ಒಂದೊಂದೇ ಕಾಲನ್ನು ರಸ್ತೆಗಿಳಿಸಿ, ಹಾರನ್ ಹಾಕುತ್ತ ಬರುವ ಕಾರುಗಳ ನಡುವೆ ಹತ್ತು ಮಾರು ನಡೆದು, ಮತ್ತೆ ಅಂಚುಗಲ್ಲನ್ನೇರುತ್ತಾರೆ. ಅವರು ಸ್ಯಾಂಡ್‌ವಿಚ್ಚನ್ನು ಹಳಿದುದನ್ನು ನಾನು ಒಮ್ಮೆಯೂ ಕೇಳಿಲ್ಲ. ಅವರಿಗೆ ಬೇಕಾಗಿರುವುದು ಎರಡು ಅಡಿ ದಾರಿ. ಯೋಗ್ಯವಾದ ಪಾದಚಾರಿ ಮಾರ್ಗವನ್ನು ಪಡೆಯುವುದು ಸಂವಿಧಾನದ 21ನೆಯ ವಿಧಿ ಕೊಟ್ಟಿರುವ ಜೀವಿಸುವ ಹಕ್ಕಿನ ಅಂಗವೆಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಹೇಳಿತು. ಆ ಮಾತಿನ ಸಂಪೂರ್ಣ ಅರ್ಥ ತಿಳಿಯಬೇಕಾದರೆ ಈ ಅಜ್ಜಿಯ ಹಿಂದೆ ಒಂದು ಸಂಜೆ ನಡೆಯಬೇಕು.

ಕಸದ ವಿಷಯವೂ ಇಷ್ಟೇ ಗಂಭೀರವಾದುದು. ಪ್ಲಾಸ್ಟಿಕ್ಕಿನ ಚೀಲ, ತಟ್ಟೆ, ಲೋಟಗಳನ್ನು ಕರ್ನಾಟಕ ಸರ್ಕಾರ 2016ರಲ್ಲಿಯೇ ನಿಷೇಧಿಸಿದ್ದರೂ, ಅಂಗಡಿಯ ಮುಂದಿನ ಚರಂಡಿಯಲ್ಲಿ ಅವು ತೇಲುತ್ತಲೇ ಇವೆ. ಹಸಿ ಕಸ ಒಣ ಕಸಗಳನ್ನು ಬೆರೆಸಿ ಕಳಿಸಿದುದರ ಫಲವನ್ನು ಮಾವಳ್ಳಿಪುರದ ಹಾಗೂ ಮಂಡೂರಿನ ಗ್ರಾಮಸ್ಥರು ವರ್ಷಗಟ್ಟಲೆ ಉಂಡರು. ಅವರ ಬಾವಿಯ ನೀರು ಕೆಟ್ಟು, ಗಾಳಿ ನಾರಿ, ಕೊನೆಗೆ ಅವರು ಲಾರಿಗಳಿಗೆ ಅಡ್ಡನಿಂತ ಮೇಲೆಯೇ ಬೆಂಗಳೂರು ತನ್ನ ಕಸವನ್ನು ಕುರಿತು ಯೋಚಿಸತೊಡಗಿದುದು. ಸಂಜೆಯ ತಿಂಡಿಯ ಚೀಸು ಮೆತ್ತಿದ ಕಾಗದವು ಬೀದಿಯ ಮೂಲೆಯಲ್ಲಿ ಬಿದ್ದಿತೆಂದರೆ, ಅದರ ದಾರಿ ಅಲ್ಲಿಗೆ ಮುಗಿಯುವುದಿಲ್ಲ. ಯಾರದೋ ಹೊಲದ ಅಂಚಿನವರೆಗೆ ಹೋಗುತ್ತದೆ. ಆರ್ಡರಿಗಾಗಿ ಬಿಸಿಲಿನಲ್ಲಿ ಕಾಯುವ ಡೆಲಿವರಿಯ ಹುಡುಗರಿಗೆ ಕೂರಲು ಒಂದು ಬೆಂಚನ್ನೂ ಕುಡಿಯಲು ಒಂದು ಲೋಟ ನೀರನ್ನೂ ಅಂಗಡಿಯವರು ತಮ್ಮ ಮಿತಿಯೊಳಗೆ ಒದಗಿಸಬೇಕಾದುದೂ ಇದೇ ಲೆಕ್ಕಕ್ಕೆ ಸೇರಿದ್ದು. ದುಡಿಯುವವನನ್ನು ಅಂಗಡಿಯವರ ಸಂಪಾದನೆ ಬೀದಿಗೆ ತಳ್ಳಿದರೆ, ಅವನು ನೆರೆಮನೆಯ ಜಗಲಿಯಲ್ಲಿ ಕೂರದೆ ಗತ್ಯಂತರವಿಲ್ಲ.

ಇಂತಹ ಬಲವಾದ ತಕರಾರು ನಮ್ಮ ಕೈಯಲ್ಲಿದ್ದರೂ ಅದು ಫಲಿಸುವುದಿಲ್ಲವೇಕೆ? ನಾವು ಅದನ್ನು ನಾಲಗೆಯ ತಕರಾರಿನೊಡನೆ ಕಲಸುವುದರಿಂದ. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಪಾದಚಾರಿ ಮಾರ್ಗದ ಚಿತ್ರವನ್ನು ಹಾಕುತ್ತಾರೆ; ಮರುಕ್ಷಣವೇ ಇನ್ನೊಬ್ಬರು ನಮ್ಮ ಸಂಸ್ಕೃತಿ ಹಾಳಾಯಿತೆನ್ನುತ್ತಾರೆ; ಮೂರನೆಯವರು ಬರುವ ಹುಡುಗರ ನಡತೆಯನ್ನು ಜರೆಯುತ್ತಾರೆ; ನಾಲ್ಕನೆಯವರು ಅಂಗಡಿಯವನು ಯಾವ ರಾಜ್ಯದವನೆಂದು ವಿಚಾರಿಸುತ್ತಾರೆ. ಅಷ್ಟು ಹೊತ್ತಿಗೆ ಅಜ್ಜಿಯ ಎರಡು ಅಡಿ ದಾರಿ ಎಲ್ಲರಿಗೂ ಮರೆತಿರುತ್ತದೆ. ಈ ಮಾತುಗಳು ಅಂಗಡಿಯವನ ಕಿವಿಗೆ ತಲಪಿದಾಗ ಅವನು, ‘ಇವರಿಗೆ ನಾನು ಬದುಕುವುದೇ ಬೇಡ’ ಎಂದು ತೀರ್ಮಾನಿಸುತ್ತಾನೆ. ಹಾಗೆ ತೀರ್ಮಾನಿಸಿದವನು ಸ್ಟೂಲನ್ನು ಏಕೆ ಹಿಂದೆಗೆದಾನು? ಹೆಸರಿಲ್ಲದ ಅರ್ಜಿಯೊಂದು ಕಛೇರಿಗೆ ಹೋದರೆ ಅದರ ಪರಿಣಾಮ ಇನ್ನೂ ಕೆಟ್ಟದ್ದು: ಹತ್ತು ದೂರುಗಳು ತುಂಬಿದ ಆ ಅರ್ಜಿಯಲ್ಲಿ ಕಾನೂನಿಗೆ ನಿಲ್ಲತಕ್ಕದ್ದು ಯಾವುದೆಂದು ಯಾರೂ ಹುಡುಕುವುದಿಲ್ಲ, ಪ್ರಾಮಾಣಿಕನಾದ ನೌಕರ ಅದನ್ನು ಬದಿಗಿಡುತ್ತಾನೆ, ಅಪ್ರಾಮಾಣಿಕನಾದವನಿಗೆ ಅದು ಮಾಮೂಲು ಕೇಳಲು ದೊರೆತ ಆಯುಧವಾಗುತ್ತದೆ. ಒಮ್ಮೆ ಮಾಮೂಲು ಕೊಟ್ಟ ಅಂಗಡಿಯವನು ಪಾದಚಾರಿ ಮಾರ್ಗವನ್ನು ತಾನು ಕೊಂಡುಕೊಂಡೆನೆಂದೇ ಭಾವಿಸುತ್ತಾನೆ. ಮಾತಿನಲ್ಲಿ ವಿವೇಚನೆ ತಪ್ಪಿದುದರ ಬೆಲೆಯನ್ನು ಹೀಗೆ ನಡೆಯುವವರು ತೆರುತ್ತಾರೆ.

ಇದಕ್ಕೆ ಪರಿಹಾರ ದೂರದಲ್ಲಿಲ್ಲ. ಕಳೆದ ತಿಂಗಳು ಅದೇ ಅಜ್ಜಿ ಒಂದು ಸಂಜೆ ರಸ್ತೆಗಿಳಿಯದೆ ಅಲ್ಲೇ ನಿಂತು, ಕಟ್ಟೆಯ ಹಿಂದಿನ ಹುಡುಗನನ್ನು, ‘ಏನಪ್ಪಾ, ಈ ಸ್ಟೂಲು ಒಂಚೂರು ಆ ಕಡೆ ಹಾಕ್ತೀಯಾ? ನಂಗೆ ಇಳಿದು ಹತ್ತೋಕ್ಕೆ ಆಗಲ್ಲ’ ಎಂದು ಕೇಳಿದರು. ಅವನು ಕೈಯಲ್ಲಿದ್ದ ಚಾಕುವನ್ನು ಕೆಳಗಿಟ್ಟು ಹೊರಗೆ ಬಂದು, ‘ಬನ್ನಿ ಅಜ್ಜಿ, ಬನ್ನಿ’ ಎನ್ನುತ್ತ ಸ್ಟೂಲುಗಳನ್ನು ಗೋಡೆಗೆ ಸೇರಿಸಿದನು. ಅಂದಿನಿಂದ ಅವರು ಬರುವ ಹೊತ್ತಿಗೆ ದಾರಿ ಬಿಡುವುದು ಅವನಿಗೆ ರೂಢಿಯಾಗಿದೆ. ಅಜ್ಜಿಯೊಬ್ಬರಿಗೆ ದೊರೆತ ದಾರಿ ಗಾಲಿಕುರ್ಚಿಯವರಿಗೂ, ಮಗುವನ್ನೆತ್ತಿಕೊಂಡ ತಾಯಿಗೂ, ಎಲ್ಲ ಹೊತ್ತಿನಲ್ಲಿಯೂ ದೊರೆಯುವಂತಾಗಬೇಕಾದರೆ ಸೌಜನ್ಯವೊಂದೇ ಸಾಲದು, ಒಪ್ಪಂದವೂ ಬೇಕು. ಆದರೆ ಒಪ್ಪಂದಕ್ಕೆ ಮೊದಲ ಮೆಟ್ಟಿಲು ಇಂತಹ ನೇರವಾದ, ನಿಂದೆಯಿಲ್ಲದ, ಇಂಥದೇ ಬೇಕೆಂದು ಖಚಿತವಾಗಿ ಕೇಳುವ ಮಾತು.

ಆದುದರಿಂದ ಬಡಾವಣೆಯ ಸಂಘದವರು ನಾಲ್ಕೈದು ಜನ ಸೇರಿ, ಗಿರಾಕಿಯಿಲ್ಲದ ಬೆಳಗಿನ ಹೊತ್ತಿನಲ್ಲಿ ಅಂಗಡಿಗೆ ಹೋಗಿ, ಮಾಲೀಕರನ್ನೂ, ಬಾಡಿಗೆಗೆ ಕೊಟ್ಟ ಮನೆಯ ಯಜಮಾನರನ್ನೂ ಕೂಡಿಸಿಕೊಂಡು ಕೆಲವೇ ಮಾತುಗಳನ್ನು ಆಡಲಿ. ಸ್ಟೂಲುಗಳು ಅಂಗಡಿಯ ಗೆರೆಯೊಳಗಿರಲಿ. ವಾಹನಗಳು ಯಾರ ಗೇಟಿಗೂ ಅಡ್ಡ ನಿಲ್ಲದಂತೆ ಸಂಜೆ ಒಬ್ಬನು ನೋಡಿಕೊಳ್ಳಲಿ. ಹಸಿ ಕಸಕ್ಕೂ ಒಣ ಕಸಕ್ಕೂ ಬೇರೆ ಬೇರೆ ಡಬ್ಬಗಳಿದ್ದು, ಬಾಗಿಲು ಹಾಕುವ ಮುನ್ನ ಮುಂದಿನ ಬೀದಿಯನ್ನು ಅವರೇ ಗುಡಿಸಲಿ. ರಾತ್ರಿ ಹತ್ತರ ಮೇಲೆ ಹಾಡು ಬೇಡ. ಬಾಡಿಗೆಯ ಹಣವನ್ನು ಪಡೆಯುವ ಯಜಮಾನರು ಬೇರೆ ಬಡಾವಣೆಯಲ್ಲಿ ನೆಮ್ಮದಿಯಾಗಿ ಮಲಗಿ, ಗದ್ದಲವನ್ನು ಹಳೆಯ ನೆರೆಯವರಿಗೆ ಬಿಡುವುದು ನ್ಯಾಯವಲ್ಲವಾದ್ದರಿಂದ ಅವರೂ ಈ ಮಾತಿಗೆ ಬದ್ಧರಾಗಲಿ. ನಾಮಫಲಕದಲ್ಲಿ ಕನ್ನಡಕ್ಕೆ ಶೇಕಡಾ 60ರಷ್ಟು ಸ್ಥಾನವಿರಬೇಕೆಂದು 2024ರಲ್ಲಿ ತಿದ್ದುಪಡಿಯಾದ ನಮ್ಮ ಕಾಯಿದೆ ವಿಧಿಸುತ್ತದೆ. ಅಷ್ಟಕ್ಕೇ ನಿಲ್ಲದೆ, ಒಳಗಿನ ದರಪಟ್ಟಿಯೂ ಕನ್ನಡದಲ್ಲಿರಲೆಂದು ಪ್ರೀತಿಯಿಂದ ಕೇಳೋಣ. ಹಾಗೆ ಕೇಳಿದಾಗ ಹೊರಗಿನಿಂದ ಬಂದ ಅಂಗಡಿಯವನಿಗೆ ತಾನು ಈ ಬೀದಿಯವನಾಗುವ ದಾರಿಯೊಂದನ್ನು ನಾವೇ ತೋರಿದಂತಾಗುತ್ತದೆ. ಈ ಮಾತುಗಳನ್ನು ಆತ ಉಪೇಕ್ಷಿಸಿದರೆ ಹೆಸರು, ವಿಳಾಸ, ಸಹಿಗಳೊಡನೆ, ಒಂದೇ ಒಂದು ನಿರ್ದಿಷ್ಟ ದೂರನ್ನು ಅಧಿಕಾರಿಗಳಿಗೆ ಕೊಡಲು ನಾವು ಹಿಂಜರಿಯಕೂಡದು.

ಇದನ್ನೆಲ್ಲ ಕೇಳುವ ಯೋಗ್ಯತೆಯನ್ನು ನಾವೂ ಸಂಪಾದಿಸಿಕೊಳ್ಳಬೇಕು. ಅದೇ ರಸ್ತೆಯಲ್ಲಿ ಗೇಟಿನಿಂದ ರಸ್ತೆಯವರೆಗೆ ಕಾರಿಗಾಗಿ ಕಟ್ಟಿಸಿದ ಇಳಿಜಾರುಗಳೂ, ಪಾದಚಾರಿ ಮಾರ್ಗದ ಮೇಲೆ ಕಬ್ಬಿಣದ ಬೇಲಿ ಹಾಕಿ ಬೆಳೆಸಿದ ತುಳಸಿ, ದಾಸವಾಳಗಳೂ, ಎರಡನೆಯ ಕಾರನ್ನು ಶಾಶ್ವತವಾಗಿ ಬೀದಿಯಲ್ಲಿ ನಿಲ್ಲಿಸಿದ ಮನೆಗಳೂ ಎಷ್ಟೋ ಇವೆ. ಅಜ್ಜಿಯ ಊರುಗೋಲಿಗೆ ಸ್ಟೂಲೂ ಅಡ್ಡಿಯೇ, ಹೂವಿನ ಬೇಲಿಯೂ ಅಡ್ಡಿಯೇ. ಅಂಗಡಿಯವನು ಹೊಟ್ಟೆಪಾಡಿಗಾಗಿ ಮಾಡಿದ ಅತಿಕ್ರಮಣವನ್ನು ಖಂಡಿಸುವ ಗೃಹಸ್ಥನು, ಅಲಂಕಾರಕ್ಕಾಗಿ ತಾನು ಮಾಡಿದ ಅತಿಕ್ರಮಣವನ್ನು ಮೊದಲು ತೆಗೆಯಲಿ. ಅನಂತರ ಅವನ ಮಾತಿಗೆ ಬರುವ ಬಲವೇ ಬೇರೆ. ತಿರುವಿನ ಹಳೆಯ ಬೇಕರಿ ಉಳಿಯಬೇಕೆಂಬ ಅಕ್ಕರೆ ನಿಜವಾಗಿದ್ದರೆ, ವಾರಕ್ಕೊಮ್ಮೆಯಾದರೂ ಅಲ್ಲಿಗೆ ಹೋಗಿ ಖಾರಾ ಬನ್ನು ಕೊಳ್ಳೋಣ. ಹೊಸ ಅಂಗಡಿಯನ್ನು ಮುಚ್ಚಿಸಿ ಹಳೆಯದನ್ನು ಉಳಿಸಿದ ಬೀದಿ ಎಲ್ಲಿಯೂ ಇಲ್ಲ. ಗಿರಾಕಿಯ ನಿಷ್ಠೆಯಿಂದ ಹಳೆಯ ಅಂಗಡಿಗಳು ಉಳಿದುಬಂದ ಬೀದಿಗಳು ಗಾಂಧಿಬಜಾರಿನ ಸುತ್ತ ಬೇಕಾದಷ್ಟಿವೆ.

ಒಂದು ತಿಂಡಿ ನಮ್ಮದಾಗುವುದೋ ಇಲ್ಲವೋ ಎಂಬುದನ್ನು ಕಾಲ ನಿರ್ಧರಿಸುತ್ತದೆ. ಆ ತೀರ್ಪನ್ನು ಕೊಡಲು ನಮ್ಮ ಮೊಮ್ಮಕ್ಕಳಿದ್ದಾರೆ, ಅದಕ್ಕಾಗಿ ನಾವು ಕಾತರಪಡಬೇಕಾದುದಿಲ್ಲ. ಒಂದು ಬೀದಿ ಎಲ್ಲರದಾಗಿ ಉಳಿಯುವುದೋ ಇಲ್ಲವೋ ಎಂಬುದನ್ನು ಮಾತ್ರ ಈಗ ಅಲ್ಲಿ ವಾಸಮಾಡುತ್ತಿರುವವರೇ ನಿರ್ಧರಿಸಬೇಕು, ಏಕೆಂದರೆ ಒಮ್ಮೆ ಕಳೆದುಕೊಂಡ ಪಾದಚಾರಿ ಮಾರ್ಗವನ್ನು ಯಾವ ತಲೆಮಾರೂ ಸುಲಭವಾಗಿ ಮರಳಿ ಪಡೆದುದಿಲ್ಲ. ಬ್ರೆಡ್ಡು ಯಾರದೆಂಬ ವಾದವನ್ನು ಕೈಬಿಟ್ಟು, ದಾರಿ ಯಾರದೆಂಬ ವಾದವೊಂದನ್ನೇ ಹಿಡಿದು, ಆ ಅಂಗಡಿಯವನೆದುರು ಗಿರಾಕಿಗಳಾಗಿಯೂ ನೆರೆಯವರಾಗಿಯೂ ನಿಲ್ಲೋಣ. ಹಾಗೆ ನಿಂತವರ ಮಾತನ್ನು, ನಾಳೆಯೂ ಇದೇ ಬೀದಿಯಲ್ಲಿ ವ್ಯಾಪಾರ ಮಾಡಬೇಕಾದ ಯಾವ ಅಂಗಡಿಯವನೂ ತಳ್ಳಿಹಾಕಲಾರನು.